ಹೀರಾ ಛಾಪ ಬೆಲ್ಲ

ಸೆಪ್ಟೆಂಬರ್ 14, ರವಿವಾರ

ಲೇಬಲ್ ಬಿಡಿಸಲು ಇಟ್ಟ ನೀರು ಜಾಸ್ತಿ ಬಿಸಿಯಾಯಿತು. ಲೇಬಲ್ಲಿನ ಕೆಂಪು ಬಿಡತೊಡಗಿತ್ತು — ಗಡಬಡಿಸಿ ಎತ್ತಿದೆ. ಕುಸುಬಿ ಎಣ್ಣೆ ಡಬ್ಬಿಯದು, ನವಿಲಿನ ಚಿತ್ರ. ಬಾಲದ ತುದಿ ಹರಿಯಿತು. ಇರಲಿ, ಫ್ರೇಮಿನ ಅಂಚಿಗೆ ಮುಚ್ಚಿಹೋಗುತ್ತದೆ.

ಪಡಸಾಲೆಯ ಗೋಡೆ ಫ್ರೇಮ್ ಹಾಕಿದ ಹಳೆಯ ಲೇಬಲ್‌ಗಳಿಂದ ಅರ್ಧ ತುಂಬಿದೆ. ದ್ರಾಕ್ಷಿ ಪೆಟ್ಟಿಗೆಯವು, ಎಣ್ಣೆ ಡಬ್ಬಿಯವು, ಬೆಲ್ಲದವು. ಯುವರಾಜ ಫ್ಯಾಕ್ಟರಿಯಿಂದ ಬಂದವನೇ, "ಇದು ಮನಿಯೋ, ಕಿರಾಣಿ ಅಂಗಡಿಯೋ?" ಎಂದ. ಗಂಡನಿಗೆ ಉತ್ತರ ಕೊಡುತ್ತ ಕುಳಿತರೆ ಲೇಬಲ್ ಒಣಗುವುದಿಲ್ಲ.

ಬನಹಟ್ಟಿಯ ಗುಜರಿ ಲಗಮಣ್ಣನ ಫೋನ್ ಬಂದಿತ್ತು. "ಅಕ್ಕಾರ, ನಿಮ್ಮ ಹುಡುಗಿ ಮತ್ತ ಸಿಕ್ಕಾಳ್ರಿ. ಡಬ್ಬಿಗೆ ಜಂಗ್ ಹಿಡದೈತಿ, ಮಾರಿ ಮಾತ್ರ ಛಲೋ ಐತಿ."

ಡಬ್ಬಿಯ ಮೇಲಿನ ಆ ಮುಖ ನನ್ನದೇ. ಅವನಿಗೆ ಹೇಳಿಲ್ಲ.

ಸೆಪ್ಟೆಂಬರ್ 21

ಲಗಮಣ್ಣನಲ್ಲಿಗೆ ಹೋಗಿ ಲೇಬಲ್ ತೆಗೆದುಕೊಂಡು ಬಂದೆ. ಡಬ್ಬಿ ಸಮೇತ. ನೀಲಿ ಫ್ರಾಕು, ಕೈಯಲ್ಲಿ ಕಬ್ಬು, ಕೆಳಗೆ ದಪ್ಪ ಅಕ್ಷರ — ಹೀರಾ ಛಾಪ ಬೆಲ್ಲ, ತೇರದಾಳ.

ಹೀರಾ ನನ್ನ ಅಕ್ಕ. ಜ್ವರ ಬಂದು ತೀರಿಕೊಂಡಾಗ ಅವಳಿಗೆ ಆರು ವರ್ಷ. ನನಗೆ ನಾಲ್ಕು. ಬೆಲ್ಲದ ವ್ಯಾಪಾರ ಅಪ್ಪನದು; ಛಾಪಿಗೆ ಅಕ್ಕನ ಹೆಸರು, ಅಕ್ಕನ ಚಿತ್ರ. ಪ್ರತಿ ದೀಪಾವಳಿಯ ಪಾಡ್ಯಕ್ಕೆ ಹೊಸ ಹಂಗಾಮಿನ ಲೇಬಲ್ ಪೂಜೆಗೆ ಇಡುವುದು ಅಂಗಡಿಯ ಪದ್ಧತಿ. ಅಕ್ಕ ಹೋದ ವರ್ಷವೂ ಅವಳ ಚಿತ್ರವೇ ಬರಬೇಕೆಂದು ಅಪ್ಪ ಹಟ ಹಿಡಿದ. ಜಮಖಂಡಿಯ ಪೇಂಟರ್ ಎದುರು ಯಾರಾದರೂ ಕೂರಬೇಕಲ್ಲ... ನನ್ನನ್ನು ಕೂರಿಸಿದರು. ಮರುವರ್ಷವೂ. ಅದರ ಮರುವರ್ಷವೂ. ಡಬ್ಬಿಯ ಮೇಲೆ ಹೀರಾ ಬೆಳೆಯುತ್ತ ಹೋದಳು. ಹಲ್ಲು ಬಿದ್ದವು, ಬಂದವು. ಜಡೆ ಉದ್ದವಾಯಿತು. ನನ್ನ ಮದುವೆಯಾದ ವರ್ಷ ಲೇಬಲ್ ನಿಂತಿತು.

ಲೇಬಲ್ಲಿಗೆ ಕೂರುತ್ತಿದ್ದ ಆ ವರ್ಷಗಳಲ್ಲಿ ಅವ್ವ ಕೆಲವು ಸಲ ನನ್ನನ್ನು ಹೀರಾ ಎಂದು ಕರೆಯುತ್ತಿದ್ದಳು. ನಾನು ಓ ಎನ್ನುತ್ತಿದ್ದೆ. ತಿದ್ದಿಕೊಳ್ಳುವ ಮೊದಲೇ ಅವ್ವನೂ ಹೋದಳು.

ಸೆಪ್ಟೆಂಬರ್ 22

ಬೇರೆಲ್ಲ ತೆಗೆದು ಹೀರಾ ಛಾಪ ಮಾತ್ರ ಸಾಲಾಗಿ ಹಾಕಿದೆ. ಸಣ್ಣವಳಿಂದ ದೊಡ್ಡವಳ ತನಕ. ನಡುವೆ ಕೆಲವು ವರ್ಷ ಸಿಕ್ಕಿಲ್ಲ.

ಪ್ರಾಚಿ ಸಾಲಿಯಿಂದ ಬಂದು, ಚೀಲ ಇನ್ನೂ ಬೆನ್ನಿಗಿರುವಾಗಲೇ: "ಅವ್ವಾ, ಇವೆಲ್ಲಾ ನೀನ ಅಲಾ?"

ಎಂಟು ವರ್ಷದ ಹುಡುಗಿ. ಒಂದೇ ನೋಟಕ್ಕೆ ಗುರುತಿಸಿದಳು. ಅತ್ತುಬಿಟ್ಟೆ. ಅವಳು ಹೆದರಿದಳು, ಪಾಪ.

ಅಪ್ಪನನ್ನು ಕರೆಸಬೇಕು. ಈ ಗೋಡೆ ಅವನಿಗಾಗಿಯೇ. ಒಂದು ಚಿತ್ರದ ಮೇಲಾದರೂ ಬೆರಳಿಟ್ಟು, ನನ್ನ ಹೆಸರು ಹಿಡಿದು, 'ಇದು ಅಂಜನಾ' ಎನ್ನಲಿ. ಒಂದು ಸಲ ಸಾಕು.

ಅಕ್ಟೋಬರ್ 5

ಅಪ್ಪ ಬಂದು ಹೋದ. ಚಹಾ ಕೈಯಲ್ಲಿ ಹಿಡಿದು ಗೋಡೆಯ ಮುಂದೆ ನಿಂತ, ಆರುವ ತನಕ. ನಾನು ಹಿಂದೆಯೇ ಇದ್ದೆ. ಬೆರಳು ಎತ್ತುತ್ತಾನೇನೋ ಎಂದು ಅವನ ಕೈಯನ್ನೇ ನೋಡಿದೆ.

"ಎಷ್ಟ ಛಂದ ಬೆಳದ್ಲು ನೋಡು ನಮ್ಮ ಹೀರಾ," ಎಂದ.

ನಾನು ಅವನ ಕೈಯ ಕಪ್ ತೆಗೆದುಕೊಂಡು ಅಡುಗೆಮನೆಗೆ ಹೋದೆ. ಸಿಟ್ಟು ಬಂತು. ಸತ್ತ ಹುಡುಗಿಯ ಮೇಲೆ... ಅದಕ್ಕೆ ನಾಚಿಕೆಯೂ ಬಂತು.

ಅಕ್ಟೋಬರ್ 9

ಅಪ್ಪನ ಫೋನ್. ಬೆಲ್ಲದ ಪುಡಿ ಪ್ಯಾಕೆಟ್ ಮಾಡಿ ಮಾರುತ್ತಾನಂತೆ. ಪಾಡ್ಯಕ್ಕೆ ಹೊಸ ಲೇಬಲ್ ಬೇಕಂತೆ.

"ಪ್ರಾಚಿನ್ನ ಕುಂಡ್ರಸೂಣು. ಮಾರಿ ಥೇಟ್ ಹೀರಾನ. ಆ ನೀಲಿ ಫ್ರಾಕು ಇನ್ನೂ ಟ್ರಂಕಿನ್ಯಾಗ ಐತಿ. ಒಗದ ಇಡಸೇನಿ."

"ಆಕಿಗೆ ಸಾಲಿ ಐತ್ಯಪ್ಪಾ."

"ರವಿವಾರ ಬರ್ತೇನಿ."

ಯುವರಾಜನಿಗೆ ಹೇಳಿದೆ. "ಒಂದ ಫೋಟೋ ತಗದ್ರ ಏನ ಹೋಕ್ಕತಿ?" ಎಂದ. ಏನು ಹೋಗುತ್ತದೆ ಎಂಬುದು ನನಗೆ ಗೊತ್ತು. ಫ್ರಾಕು ಹಾಕಿ ಕೂತಾಗ ಮಾತ್ರ ಅಪ್ಪ ನನ್ನನ್ನು ಕಣ್ಣು ತುಂಬ ನೋಡುತ್ತಿದ್ದ. ಫ್ರಾಕು ಕಳೆದರೆ ಮುಗಿಯಿತು. ಅದಕ್ಕಾಗಿ ಇಡೀ ವರ್ಷ ದೀಪಾವಳಿಯ ಹಾದಿ ಕಾಯುತ್ತಿದ್ದೆ. ಪ್ರಾಚಿಗೆ ಆ ಚಟ ಹತ್ತಬಾರದು.

ಅಕ್ಟೋಬರ್ 11

ಗೋಡೆ ಖಾಲಿ ಮಾಡಲು ಸ್ಟೂಲ್ ಹತ್ತಿದೆ. ಮೊದಲ ಫ್ರೇಮಿಗೆ ಕೈ ಹಾಕಿದೆ. ಇಳಿದುಬಿಟ್ಟೆ. ಅವಳು ನೋಡುತ್ತಿದ್ದಾಳೆ ಅನಿಸುತ್ತದೆ. ನಾನೋ, ಅಕ್ಕನೋ — ಯಾರು ಅಂತ ಗೊತ್ತಾಗುವುದಿಲ್ಲ. ಪಡಸಾಲೆಯಲ್ಲಿ ಒಬ್ಬಳೇ ಇರಲು ಹೆದರಿಕೆ. ಹಾಡಹಗಲಲ್ಲೂ.

ಅಕ್ಟೋಬರ್ 12, ರವಿವಾರ, ಸಂಜೆ

ಬಂದರು. ಅಪ್ಪ, ಬನಹಟ್ಟಿಯ ಫೋಟೋದವನು, ಅವನ ಲೈಟು. ಅಪ್ಪನ ಕೈಯಲ್ಲಿ ಇಸ್ತ್ರಿ ಮಾಡಿದ ಫ್ರಾಕು.

ಪ್ರಾಚಿ ಕುಣಿಯುತ್ತ ಬಂದಳು. ಫ್ರಾಕನ್ನು ಮೈಗೆ ಹಿಡಿದು ನೋಡಿಕೊಂಡಳು. ಅಪ್ಪನ ಮುಖ ನೋಡಿದೆ. ಅದೇ ನೋಟ. ಇಷ್ಟು ವರ್ಷದ ಮೇಲೆ. ನನ್ನ ಮೇಲಲ್ಲ.

ಫ್ರಾಕು ಕಸಿದುಕೊಂಡೆ. "ಪ್ರಾಚಿ ಕುಂಡ್ರೂದಿಲ್ಲ."

"ಯಾಕವಾ?"

"ಆಕಿ ಹೀರಾ ಅಲ್ಲ. ನಾನೂ ಅಲ್ಲ. ನಾ ಅಂಜನಾ, ಅಪ್ಪಾ. ಆ ಗ್ವಾಡಿಮ್ಯಾಲಿನಾಕಿ ನಾನು!"

ಅಪ್ಪ ಬೈಯಲಿಲ್ಲ. ಕುರ್ಚಿಯಲ್ಲಿ ಕುಳಿತು ಫ್ರೇಮುಗಳನ್ನು ಒಂದೊಂದಾಗಿ, ಸಣ್ಣವಳಿಂದ ದೊಡ್ಡವಳ ತನಕ, ನೋಡಿದ.

"ಖರೆ," ಎಂದ ಕೊನೆಗೆ. "ಪ್ರಾಚಿ ಭಾಳ ಸಣ್ಣಾಕಿ. ಹೀರಾ ಈಗ ನಲವತ್ತ ದಾಟಿರತಿದ್ಲು." ನನ್ನತ್ತ ತಿರುಗಿದ. ಕಣ್ಣು ತುಂಬಿತ್ತು. "ನೀನ ಕುಂಡ್ರವಾ. ಸೀರಿ ಉಟಗೊಂಡ."

ಇಲ್ಲ ಎನ್ನಬೇಕಿತ್ತು. ಬಾಯಿ ತೆರೆದೆ ಕೂಡ. ನೀಲಿ ಸೀರೆ ಉಟ್ಟು ಬಂದೆ. ಪ್ರಾಚಿಗಾಗಿ ಎಂದು ಹೇಳಿಕೊಂಡೆ — ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅಪ್ಪ ನೋಡುತ್ತಿದ್ದ.

ಲೈಟು ಹೊತ್ತಿತು. ಕುತ್ತಿಗೆ ತನ್ನಷ್ಟಕ್ಕೆ ಎಡಕ್ಕೆ ವಾಲಿತು, ಲೇಬಲ್ಲಿನಲ್ಲಿದ್ದಂತೆ. ಫೋಟೋದವನು ಅಲುಗಾಡಬೇಡಿ ಎಂದ.

ಬಾಗಿಲಲ್ಲಿ ನಿಂತು ಪ್ರಾಚಿ ಕರೆದಳು. "ಅವ್ವಾ."

ಕೇಳಿಸಿತು. ತಿರುಗಲಿಲ್ಲ.

"ಅವ್ವಾ..." ಎರಡನೆಯ ಸಲ.

ನಾನು ಅಪ್ಪನ ಕಣ್ಣನ್ನೇ ನೋಡುತ್ತ ಹೀರಾ ಆಗಿಯೇ ಕೂತಿದ್ದೆ.