ಛತ್ರಿಗೆ ತುಂಬಿದ ಉಡಿ

ರಂಗಂಪೇಟೆ
23-8-2007, ಗುರುವಾರ

ಪ್ರೀತಿಯ ತಂಗಿ ಶೇಖಮ್ಮಾ,

ನಿನ್ನ ಅಣ್ಣ ಈಶಪ್ಪನ ಆಶೀರ್ವಾದ. ಹೇಗಿದ್ದೀಯ? ನಾಟಿ ಮಾಡಿ ಸೊಂಟ ಹಿಡಿದಿದೆ ಎಂದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ಅವ್ವ ನಿನಗೆಂದು ಎಣ್ಣೆ ಕಾಸಿಟ್ಟಿದ್ದಾಳೆ. ನಿನ್ನ ಯಜಮಾನರು ದ್ಯಾವಪ್ಪನವರ ಸಿಟ್ಟು ಹೇಗಿದೆ ಎಂದು ಕೇಳುವುದಿಲ್ಲ, ನಿಮ್ಮ ಫೋನು ಬಂದ್ ಆಗಿದೆಯಲ್ಲ, ಅದರಲ್ಲೇ ಗೊತ್ತಾಯಿತು. ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಬೇಕು. ಆದರೆ ಬಾಗಿಲ ಮುಂದೆ ಸಗರದವರ ಟ್ರ್ಯಾಕ್ಟರು ನಿಂತಿದೆ, ಇಂಜಿನ್ ಇನ್ನೂ ಬಂದ್ ಮಾಡಿಲ್ಲ, ಅವಸರದಲ್ಲಿ ಗೀಚುತ್ತಿದ್ದೇನೆ. ಅಕ್ಷರ ಕೆಟ್ಟಿದ್ದರೆ ನಗಬೇಡ.

ಪಂಚಮಿ ಮುಗಿದದ್ದೇ ತಡ, ನಿಮ್ಮ ಕಕ್ಕೇರಾದ ಸುದ್ದಿ ನನ್ನ ಕಂಪ್ಯೂಟರಿಗೆ ಬರುವುದು ನಿಂತಿತು. ನಿನಗೆ ಗೊತ್ತಲ್ಲ, ನಿನ್ನ ಯಜಮಾನರು ಮುಂಜಾನೆ ನಾಲೆಯ ಗೇಟು ನೋಡಿ ಬಂದು, ಎಷ್ಟು ನೀರು ಬಿಟ್ಟಿದ್ದಾರೆಂದು ಅಲ್ಲಿಯ ಕಂಪ್ಯೂಟರಿನಲ್ಲಿ ಬರೆದರೆ, ನಮ್ಮ ಮಾಳಿಗೆಯ ಒಂದು ಡಿಶ್ ಆಂಟೆನಾ ಛತ್ರಿ ಅದನ್ನು ಹಿಡಿಯಬೇಕು, ಪಕ್ಕದ ಛತ್ರಿ ಸಗರಕ್ಕೆ ದಾಟಿಸಬೇಕು. ಮೂರೂ ಊರಿನ ರೈತರು ಕೂಡಿ ಕಟ್ಟಿಕೊಂಡ ಈ ಜಾಲ ಬಂದ ಮೇಲೆಯೇ ನಾಲೆಯ ತುದಿಯ ಸಗರದವರು ಬಡಿಗೆ ಹಿಡಿದು ನೀರು ಕಾಯುವುದನ್ನು ಬಿಟ್ಟಿದ್ದು. ಹಾಳಾದ್ದು, ಸುದ್ದಿ ನಿಂತ ದಿನವೇ ಅವರ ನೀರೂ ಇಳಿಯಿತು. ನನ್ನ ಎರಡನೇ ಛತ್ರಿಯಿಂದ ಸಗರಕ್ಕೆ ಮಾತು ಮುಟ್ಟುತ್ತಿತ್ತು, ಹಾಗಾಗಿ ನೀರು ಕದ್ದು ಸುದ್ದಿ ಮುಚ್ಚಿಟ್ಟವರು ಕಕ್ಕೇರಾದವರೇ ಎಂದು ಎಲ್ಲರೂ ತೀರ್ಮಾನಿಸಿದರು. ನಾನೂ ದ್ಯಾವಪ್ಪನವರಿಗೆ ಫೋನು ಮಾಡಿ ಒರಟಾಗಿ ಕೇಳಿದೆ. “ಇಲಾಖೆಯವ್ರು ಗೇಟ್ ಇಳಿಸ್ಯಾರ, ಎರಡ್ ದಿನ ತಡೀರಿ ಅಂತ ಬರದು ಕಳಸೀನ್ರಿ. ನಿಮ್ಮ ಕಡೀನೇ ನೋಡ್ಕೋರಿ” ಎಂದು ಫೋನು ಇಟ್ಟರು. ನಾನು ನಂಬಲಿಲ್ಲ, ತಂಗಿ.

ಇವತ್ತು ಮುಂಜಾನೆ ಸಗರದ ಹಿರಿಯರಾದ ಜಗದೇವಪ್ಪ ಟ್ರಾಲಿ ತುಂಬ ಜನರನ್ನೂ ಹಾರೆಗಳನ್ನೂ ಹೇರಿಕೊಂಡು ಬಂದರು. “ನಿನ್ನ ತಂಗಿ ಗಂಡ ಬೇಕಂತನ ಸುದ್ದಿ ಮುಚ್ಯಾನ. ನಮ್ಮ ಸಸಿ ಒಣಗಾಕತ್ತಾವ. ಗೇಟ್ ಒಡದೇ ಬರ್ತೀವಿ, ಅಡ್ಡ ಬಂದ್ರ ಅವನ್ನೂ ಬಿಡಂಗಿಲ್ಲ” ಎಂದರು. ಟ್ರ್ಯಾಕ್ಟರಿನ ಮುಂದೆ ಅಡ್ಡ ನಿಂತೆ. ನಿನ್ನ ಮುಖ ಕಣ್ಣ ಮುಂದೆ ಬಂತು. ಆಗ ಹಿಂದಿನ ಓಣಿಯಿಂದ ನೆರೆಮನೆಯ ವಹಾಬ ಕೂಗಿದ: “ಈಶಪ್ಪಣ್ಣಾ, ನಿಮ್ಮ ಛತ್ರಿ ಮಾರಿ ಮುಂದ ಏನೋ ಹಸರ ಗಂಟ ಜೋತಾಡಾಕತ್ತದ ನೋಡ್ರಿ!”

ಓಡಿ ಮಾಳಿಗೆ ಹತ್ತಿದೆ. ಸುದ್ದಿ ನಿಂತಾಗ ತಂತಿ ಬದಲಿಸಿದ್ದೆ, ಡಬ್ಬಿ ಬಿಚ್ಚಿ ಕಟ್ಟಿದ್ದೆ, ಎಲ್ಲ ಅದರ ಬೆನ್ನಿನ ಕಡೆ. ಗೋಡೆಯಾಚೆ ಕಕ್ಕೇರಾ ಕಡೆ ತಿರುಗಿದ ಮುಖವನ್ನು ಬಗ್ಗಿ ನೋಡಿರಲಿಲ್ಲ, ಕತ್ತೆ ನಾನು. ಹಸಿರು ಕುಪ್ಪಸದ ಖಣ, ಅದರೊಳಗೆ ತವರಿಗೆ ಬಂದ ಮಗಳ ಮಡಿಲು ತುಂಬುವ ಅಕ್ಕಿ, ಅರಿಶಿನ ಕೊಂಬು, ಎಲೆ ಅಡಿಕೆ, ಇಡೀ ತೆಂಗಿನಕಾಯಿ! ನೀರು ತುಂಬಿದ ಕಾಯಿ ಛತ್ರಿಯ ಬಾಯಿಗೇ ಅಡ್ಡ ಕೂತರೆ ಅಲೆಗಳು ಎಲ್ಲಿಂದ ನುಗ್ಗಬೇಕು? ಹಿಂದೆಯೇ ಏದುಸಿರು ಬಿಡುತ್ತ ಬಂದ ಅವ್ವ ನನ್ನ ಕೈ ಹಿಡಿದಳು. “ಪಂಚಮಿಗಿ ಮಗಳು ಬರಲಿಲ್ಲ. ಆಕಿ ಮನಿ ಮಾತು ದಿನಾ ಇದ್ರಾಗ ಬರ್ತದಂತ ನೀನೇ ಅಂದಿದ್ದಿ. ಅದಕ್ಕ ಆಕಿ ಉಡಿ ಇದಕ್ಕ ತುಂಬೀನಿ. ಮುಟ್ಟಬ್ಯಾಡ, ತುಂಬಿದ ಉಡಿ ತವರವ್ರು ತಿರುಗಿ ತಗೀಬಾರದು” ಎಂದು ಅತ್ತಳು. ಅಷ್ಟರಲ್ಲಿ ಸಗರದವರೂ ಮೇಲೆ ಬಂದಿದ್ದರು. ಗೇಟು ಒಡೆಯಲು ಹೊರಟ ಅಷ್ಟು ಗಂಡಸರಲ್ಲಿ ಒಬ್ಬನೂ ಆ ಗಂಟಿಗೆ ಕೈ ಹಾಕಲಿಲ್ಲ. ಜಗದೇವಪ್ಪ ಅದಕ್ಕೆ ಕೈ ಮುಗಿದು ಇಳಿದು ಹೋದರು.

ಅವ್ವ ನಿಮ್ಮಿಬ್ಬರ ತಲೆಯ ಮೇಲೂ ಕೈ ಇಟ್ಟಿದ್ದಾಳೆಂದು ತಿಳಿ. ವಹಾಬ ಸಲಾಮು ಹೇಳಿದ್ದಾನೆ.

ನಿನ್ನ ಅಣ್ಣ,
ಈಶಪ್ಪ

ತಾ.ಕ.: ಅವಸರ ಮಾಡುತ್ತಿದ್ದಾರೆ. ಈ ಕಾಗದ ತಂದವರೇ ಜಗದೇವಪ್ಪ. ಟ್ರ್ಯಾಕ್ಟರು ನೋಡಿ ಬಾಗಿಲು ಹಾಕಿಕೊಳ್ಳಬೇಡ. ಹಾರೆಗಳೆಲ್ಲ ನಮ್ಮ ಪಡಸಾಲೆಯಲ್ಲಿವೆ, ಟ್ರಾಲಿಯಲ್ಲಿ ಕೂರಲು ಅವ್ವ ಹೊಲಿದ ಕೌದಿ ಹಾಸಿದೆ. ದ್ಯಾವಪ್ಪನವರ ಕೈ ಹಿಡಿದು ತಪ್ಪಾಯಿತು ಎನ್ನಲು ಬರುತ್ತಿದ್ದಾರೆ, ನನ್ನ ಪಾಲಿನದನ್ನೂ ಅವರೇ ಹೇಳುತ್ತಾರೆ. ಮೊದಲು ಚಹಾ ಕೊಡು. ಆ ಉಡಿ ಇಳಿಸಿಕೊಳ್ಳಬೇಕಾದವಳು ನೀನೊಬ್ಬಳೇ. ನೀನು ಬಂದು ಸೆರಗು ಒಡ್ಡುವ ತನಕ ಸಗರಕ್ಕೆ ನೀರಿನ ಸುದ್ದಿ ಇಲ್ಲ. ಇಬ್ಬರೂ ಇದೇ ಟ್ರ್ಯಾಕ್ಟರು ಹತ್ತಿ ಬನ್ನಿ.