ಹೋಗುವ ಸಾಲು, ಬರುವ ಸಾಲು

ಹಳೇ ಹುಬ್ಬಳ್ಳಿ
ತಾ. ೧೬ ಜನೇವರಿ ೧೯೩೮, ರವಿವಾರ

ಹೆಸರು ಹಿಡಿದು ಕರೆಯಬಾರದ, ಹೆಸರಿಲ್ಲದಿದ್ದರೆ ಟಪಾಲಿನವನು ಮುಟ್ಟಿಸಲಾರದ ನನ್ನ ಯಜಮಾನರಿಗೆ,

ಮುರಿಗೆವ್ವನ ಶರಣಾರ್ಥಿ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಚನ್ನಬಸವ್ವನ ಕೈಲಿ ಬರೆಸಿದ್ದೇನೆ. ಮಗಳು ಬರೆದರೆ ದೋಷವಿಲ್ಲವಂತೆ. ಅಕ್ಷರ ಎಷ್ಟು ದುಂಡಗಿವೆ ನೋಡಿರಿ. ನೀವು ಬೇಡವೆಂದ ಸಾಲಿಯಲ್ಲಿ ಕಲಿತದ್ದು.

ಸಂಕ್ರಮಣ ದಾಟಿ ಎರಡು ದಿನವಾಯಿತು. ಬಂಡಿ ಹೂಡಲೋ ಬೇಡವೋ ಎಂದು ನೀವು ಅಂಗಳದಲ್ಲಿ ಅಡ್ಡಾಡುತ್ತಿರಬಹುದು. ಹೂಡಬ್ಯಾಡ್ರಿ. ಯಾಕೆ ಎಂಬುದಕ್ಕೇ ಈ ಪತ್ರ.

ದೀಪಾವಳಿ ಮುಗಿದ ಮೇಲೆ ನೀವು ಬರೆದದ್ದು ನನ್ನ ಮುಂದೆಯೇ ಇದೆ. ಗಬ್ಬೂರಿನ ವರ ಗೊತ್ತಾಗಿದ್ದಾನೆ, ಅವ್ವ ಕಣ್ಣು ಮುಚ್ಚುವುದರೊಳಗೆ ಮೊಮ್ಮಗಳ ಮದುವೆಯ ಅಕ್ಕಿಕಾಳು ನೋಡಬೇಕು ಅನ್ನುತ್ತಾಳೆ, ಸಂಕ್ರಮಣದೊಳಗೆ ನಿನಗೆ ಕಾಯಂ ನೌಕರಿ ಸಿಕ್ಕರೆ ಹುಡುಗಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ ಮುಂದೂ ಓದಲಿ, ಸಿಗದಿದ್ದರೆ ಬಂಡಿ ಕಳಿಸುತ್ತೇನೆ, ಮಗಳನ್ನು ಕೂಡಿಸಿ ಕಳಿಸು ಎಂದು ಬರೆದಿದ್ದಿರಿ. ಕೆಳಗೆ ಸಹಿ ಇದೆ. ನಮ್ಮೂರು ಸುಳ್ಳದ ಸಾಲಿ ನಾಲ್ಕನೇ ಇಯತ್ತೆಗೆ ಮುಗಿಯಿತೆಂದು ಮಗಳ ಕೈ ಹಿಡಿದುಕೊಂಡು ನಾನು ಊರು ಬಿಟ್ಟು ಮೂರು ವರ್ಷವಾಗುತ್ತ ಬಂತು. ಅಷ್ಟು ದಿನದಲ್ಲಿ ನಿಮ್ಮಿಂದ ಬಂದ ಅತಿ ಉದ್ದದ ಪತ್ರ ಅದೇ. ಆದ್ದರಿಂದ ಜೋಪಾನ ಮಾಡಿದ್ದೇನೆ.

ನಾನು ಮಹಿಳಾ ಮಂಡಳದಲ್ಲಿ ದುಡಿಯುತ್ತಿದ್ದದ್ದು ನಿಮಗೆ ಗೊತ್ತು. ಉಣ್ಣೆ ಸುತ್ತುವುದು, ಹೊಸಬರಿಗೆ ಎರಡು ಕಡ್ಡಿ ಹಿಡಿಯಲು ಕಲಿಸುವುದು, ಬೇಕಾದಾಗ ಬಾ, ಬೇಡಾದಾಗ ಹೋಗು. ಅಲ್ಲಿ ಮಫ್ಲರ್ ಹೆಣೆಯಲು ಪುಣೆಯಿಂದ ತರಿಸಿದ ಮೂರು ಪುಸ್ತಕಗಳಿವೆ. ಕೈ ಕುದುರದವರಿಗೆ ಒಂದನೆಯದು, ಕುದುರಿದವರಿಗೆ ಎರಡನೆಯದು, ಪಳಗಿದವರಿಗೆ ಮೂರನೆಯದು. ಅದಕ್ಕೆ ನಾನೊಂದು ಪ್ರಾಸ ಕಟ್ಟಿದ್ದೆ:

ಒಂದನೇ ಪುಸ್ತಕ ಬರೇ ಪಟ್ಟಿ,
ಎರಡನೇ ಪುಸ್ತಕ ಹೂವಿನ ಬುಟ್ಟಿ,
ಮೂರನೇ ಪುಸ್ತಕ, ಅವ್ವಾ, ಗಟ್ಟಿ.

ಪ್ರಾಸ ಬಿಟ್ಟು ಗ್ರಾಸಕ್ಕ ನೋಡು ಎಂದು ನೀವು ಬೈಯುತ್ತಿದ್ದದ್ದು ನೆನಪಿದೆ. ಅದರಲ್ಲೂ ಪ್ರಾಸ ಬಂತಲ್ಲ ಎಂದು ನಾನು ಅಂದದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದಿರಿ.

ಮೂರನೇ ಪುಸ್ತಕ ಕಲಿಸುತ್ತಿದ್ದ ಶಿಕ್ಷಕಿ ಬಾಯಿಯವರು ಗಂಡನಿಗೆ ವರ್ಗವಾಗಿ ಹೋದರು. ಮಂಡಳ ನಡೆಸುವ ಗೌರಕ್ಕನವರು ಹೇಳಿದ್ದಿಷ್ಟು: ಮೂರನೇ ಪುಸ್ತಕದ ಗಿಣಿಯ ಮಫ್ಲರನ್ನು ಚಿತ್ರದಲ್ಲಿದ್ದಂತೆ ಯಾರು ಹೆಣೆದು ಸಂಕ್ರಮಣದ ಮುಂಚಿನ ಪ್ರದರ್ಶನಕ್ಕೆ ಇಡುತ್ತಾರೋ ಅವರಿಗೆ ಕಾಯಂ ನೌಕರಿ, ಮೇಲೆ ಇರಲು ಮಂಡಳದ ಹಿಂದಿನ ಎರಡು ಖೋಲಿ. ಕೈ ಎತ್ತಿದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯ ಕರೀಮಾಬಿ. ಅವಳ ಗಂಡ ಮಕಬೂಲಸಾಬರು ಹೊಲಿಗೆ ಯಂತ್ರ ರಿಪೇರಿಯವರು. ಕಣ್ಣು ಮಂಜಾಗಿ ಈಗ ಸಣ್ಣ ತಿರುಪು ಕೈಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಅವಳಿಗೂ ನೌಕರಿ ಬೇಕೇ ಬೇಕಿತ್ತು. ಪುಸ್ತಕ ಒಂದೇ. ದಿನ ಬಿಟ್ಟು ದಿನ ಒಯ್ಯುವುದೆಂದಾಯಿತು.

ಮೂರನೇ ಪುಸ್ತಕದಲ್ಲಿ ಮಾತೇ ಇಲ್ಲ. ಗಿಣಿಯ ಚಿತ್ರ, ಪಕ್ಕದಲ್ಲಿ ಲೆಕ್ಕದ ವಹಿಯ ಹಾಗೆ ಸಣ್ಣ ಸಣ್ಣ ಚೌಕ. ಒಂದು ಚೌಕ ಎಂದರೆ ಕಡ್ಡಿಯ ಮೇಲೆ ಒಂದು ಕುಣಿಕೆ. ಕಪ್ಪು ಚೌಕಕ್ಕೆ ಹಸಿರು ಉಣ್ಣೆ, ಖಾಲಿ ಚೌಕಕ್ಕೆ ಬಿಳಿ. ಕೆಳಗಿನ ಸಾಲಿನಿಂದ ಸುರು ಮಾಡಿ ಮೇಲಕ್ಕೆ ಹೋಗಬೇಕೆಂಬುದನ್ನು ಎರಡನೇ ಪುಸ್ತಕದಲ್ಲೇ ಕಲಿತಿದ್ದೆವು. ಅಲ್ಲಿ ಕಮಲ, ದೀಪ, ನಕ್ಷತ್ರ ಎಲ್ಲ ಹೆಣೆದು ಭೇಷ್ ಅನ್ನಿಸಿಕೊಂಡಿದ್ದೆ. ಗಿಣಿ ಏನು ಮಹಾ ಅಂದುಕೊಂಡೆ.

ಏಳು ಸಲ ಹೆಣೆದೆ, ಏಳು ಸಲ ಬಿಚ್ಚಿದೆ. ಒಂದು ಸಾಲಿನಲ್ಲಿ ಕೊಕ್ಕು ಮುಂದೆ ಬಂದರೆ ಮರುಸಾಲಿನಲ್ಲಿ ಬೆನ್ನಿನ ಮೇಲೆ. ಬಾಲ ಎರಡೂ ಕಡೆ. ಎರಡು ಗಿಣಿಗಳು ಒಂದನ್ನೊಂದು ನುಂಗಲು ಹೋಗಿ ನಡುವೆ ಸಿಕ್ಕಿಬಿದ್ದಂತೆ. ಕರೀಮಾಬಿ ಹಿತ್ತಲ ಗೋಡೆಯ ಮೇಲಿಂದ ಹಣಿಕಿ ನೋಡಿ, ಮುರಿಗೆವ್ವಾ, ನಿನ್ನ ಗಿಣಿ ಹೋಗಾಕತ್ತೇತೋ ಬರಾಕತ್ತೇತೋ ಅಂದಳು. ನಿಂದರ ಹೆಂಗೈತಿ ತೋರಸು ಅಂದೆ. ತೋರಿಸಲಿಲ್ಲ. ಆಗಲೇ ತಿಳಿಯಿತು, ಅವಳದೂ ಅದೇ ಪಾಡು.

ಡಿಸೆಂಬರ್ ಮುಗಿಯುತ್ತ ಬಂತು. ಗಬ್ಬೂರಿನವರು ಸೀರೆ ನೋಡಲು ಪೇಟೆಗೆ ಬಂದಿದ್ದರೆಂದು ಯಾರೋ ಅಂದರು. ಚನ್ನಬಸವ್ವ ಮುಲ್ಕಿಯ ಪುಸ್ತಕ ಹಿಡಿದು ಓದುತ್ತ ಕೂತಿದ್ದಳು. ಅವ್ವಾ, ಗಿಣಿ ಬಂತೇನು ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಛಲೋ ಇತ್ತು. ಆ ರಾತ್ರಿ ಉಂಡ ಗಂಗಾಳ ನಾನು ತೊಳೆದೆನೋ ಇಲ್ಲವೋ ನೆನಪಿಲ್ಲ.

ಈಗ ಬರೆಯುವುದನ್ನು ಬರೆಯದೆಯೂ ಇರಬಹುದಿತ್ತು. ಮರುದಿನ ಮಧ್ಯಾಹ್ನ ಕರೀಮಾಬಿ ನಳಕ್ಕೆ ಹೋದಾಗ, ಹಿತ್ತಲಿನ ಹಗ್ಗದ ಮೇಲೆ ಅವಳು ಒಣಹಾಕಿದ್ದ ಮಫ್ಲರನ್ನು ನಾನು ಕಳ್ಳಿಯ ಹಾಗೆ ಇಳಿಸಿಕೊಂಡೆ. ಪುಸ್ತಕ ತೊಡೆಯ ಮೇಲಿಟ್ಟು ಸಾಲು ಸಾಲಾಗಿ ಎಣಿಸಿದೆ. ಒಂದು, ಮೂರು, ಐದನೇ ಸಾಲು ಪುಸ್ತಕದಲ್ಲಿದ್ದ ಹಾಗೇ ಇದ್ದವು. ಎರಡು, ನಾಲ್ಕು, ಆರು ಕೆಟ್ಟಿದ್ದವು. ನನ್ನದನ್ನು ತಂದು ಎಣಿಸಿದರೆ ಎರಡು, ನಾಲ್ಕು, ಆರು ಸರಿ. ಒಂದು, ಮೂರು, ಐದು ತಪ್ಪು. ಅವಳು ಕೆಡಿಸಿದಲ್ಲೆಲ್ಲ ನಾನು ಸರಿ, ನಾನು ಕೆಡಿಸಿದಲ್ಲೆಲ್ಲ ಅವಳು ಸರಿ. ಅವಳ ಸಾಲು ನೋಡಿ ನನ್ನದನ್ನು ತಿದ್ದಿಕೊಂಡು ಬಾಯಿ ಮುಚ್ಚಿಕೊಂಡಿದ್ದರಾಯಿತು ಎಂದು ಮನಸ್ಸಿನಲ್ಲಿ ಬಂದದ್ದು ಖರೇ. ಬಂದು ಕೂತಿತ್ತು ಕೂಡ.

ಅಷ್ಟರಲ್ಲಿ ಕೊಡ ಹೊತ್ತುಕೊಂಡು ಅವಳು ಬಂದೇಬಿಟ್ಟಳು. ಏನ ಎಣಸಾಕತ್ತಿ, ನನ್ನ ಗಿಣಿ ತತ್ತಿ ಇಟ್ಟೈತೇನು ಅಂದಳು. ನನಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ಅವಳು ಕೊಡ ಇಳಿಸಿ ಪಕ್ಕದಲ್ಲಿ ಕೂತಳು. ನಾಚಬ್ಯಾಡ, ಮೊನ್ನಿ ನೀ ಮಂಡಳಕ್ಕ ಹೋದಾಗ ನಿಂದು ನಾನೂ ಎಣಸೇನಿ, ಆದ್ರ ನನಗ ಏನೂ ತಿಳೀಲಿಲ್ಲ, ನಿನಗ ಏನ ತಿಳೀತು ಹೇಳು ಅಂದಳು. ಹೇಳದೆ ಮತ್ತೇನು ಮಾಡಲಿ.

ಮೊದಲ ಸಾಲು ಬೆರಳಿಟ್ಟು ಓದು ಅಂದೆ. ಅವಳ ಬೆರಳು ಬಲಗಡೆಯ ಚೌಕದ ಮೇಲೆ ಕೂತು ಎಡಕ್ಕೆ ಸರಿಯಿತು. ಇದೇನ ಬಾಲದ ಕಡಿಂದ ಓದತಿ ಅಂದೆ. ಬಾಲದ ಕಡಿಂದ ಓದೋರು ನೀವು, ನಮ್ಮ ಉರ್ದೂ ಸಾಲ್ಯಾಗ ಪುಸ್ತಕ ಸುರು ಆಗೋದ ಇಲ್ಲಿಂದ ಅಂದಳು. ನಾನು ಕನ್ನಡ ಓದುವಂತೆ ಪ್ರತಿ ಸಾಲನ್ನೂ ಎಡದಿಂದ ಓದಿದ್ದೆ. ಅವಳು ಪ್ರತಿ ಸಾಲನ್ನೂ ಬಲದಿಂದ. ಕಡ್ಡಿಗೆ ಕನ್ನಡವೂ ಗೊತ್ತಿಲ್ಲ, ಉರ್ದೂವೂ ಗೊತ್ತಿಲ್ಲ. ಅದು ಬಲದಿಂದ ಎಡಕ್ಕೆ ಹೋಗುತ್ತದೆ. ಆಮೇಲೆ ಬಟ್ಟೆ ತಿರುವಿ ಹಿಡಿಯುತ್ತೇವೆ, ಆಗ ಚಿತ್ರದ ಲೆಕ್ಕಕ್ಕೆ ಎಡದಿಂದ ಬಲಕ್ಕೆ ಬರುತ್ತದೆ. ಹೋಗುವ ಸಾಲು ಒಂದು ದಿಕ್ಕಿನಿಂದ, ಬರುವ ಸಾಲು ಇನ್ನೊಂದು ದಿಕ್ಕಿನಿಂದ ಓದಬೇಕು. ಎರಡನೇ ಪುಸ್ತಕದ ಕಮಲ, ದೀಪಗಳು ಎಡಕ್ಕೂ ಬಲಕ್ಕೂ ಒಂದೇ ಆಕಾರದವು, ಎಲ್ಲಿಂದ ಓದಿದರೂ ಕೆಡುವುದಿಲ್ಲ. ಹಾಗಾಗಿ ಇಷ್ಟು ದಿನ ನಮ್ಮ ತಪ್ಪು ಶಾಣ್ಯಾತನದ ಹಾಗೆ ನಡೆದುಹೋಗಿತ್ತು. ನಿಮ್ಮ ಎತ್ತುಗಳಿಗೆ ಇದು ಹುಟ್ಟಿದಾರಭ್ಯ ಗೊತ್ತು. ಹೊಲದ ಆ ಬದುವಿಗೆ ಮುಟ್ಟಿದ ಮೇಲೆ ಮತ್ತೆ ಈ ಬದುವಿಗೆ ನಡೆದುಬಂದು ಹೊಸ ಸಾಲು ಹಿಡಿಯುವ ಎತ್ತನ್ನು ನಾನಂತೂ ನೋಡಿಲ್ಲ.

ಪ್ರದರ್ಶನಕ್ಕೆ ಉಳಿದದ್ದು ಹನ್ನೆರಡು ದಿನ. ಹೊಸ ದಿಕ್ಕು ಕಣ್ಣಿಗೆ ರೂಢಿಯಾಗುವ ತನಕ ಕಾಯಲು ಹೊತ್ತಿರಲಿಲ್ಲ. ಹೋಗುವ ಸಾಲು ಅವಳು ಹೆಣೆಯುವುದು, ಬರುವ ಸಾಲು ನಾನು ಹೆಣೆಯುವುದು ಎಂದು ಮಾಡಿಕೊಂಡೆವು. ಕಡ್ಡಿ ಅವಳ ಕೈಯಿಂದ ನನಗೆ, ನನ್ನ ಕೈಯಿಂದ ಅವಳಿಗೆ. ನೌಕರಿ ಯಾರಿಗೆ ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ. ನಾಲ್ಕನೇ ದಿನ ಮೊದಲ ಗಿಣಿಗೆ ಕೊಕ್ಕು ಬಂತು, ಕೊಕ್ಕು ಇರಬೇಕಾದಲ್ಲೇ ಬಂತು. ಕರೀಮಾಬಿ ಅದನ್ನು ಮಕಬೂಲಸಾಬರ ಕಣ್ಣಿನ ಹತ್ತಿರ ಹಿಡಿದಳು. ಗಿಣಿ ಐತಿ ಅಂದರು. ಅವರ ಕಣ್ಣಿಗೂ ಕಂಡಿತು ಎಂದರೆ ಲೋಕಕ್ಕೆಲ್ಲ ಕಂಡಂತೆ.

ಗುರುವಾರ ಪ್ರದರ್ಶನ. ಮಫ್ಲರಿಗೆ ಚುಚ್ಚುವ ಚೀಟಿಯಲ್ಲಿ ಹೆಸರು ಬರೆಯಬೇಕಾಗಿ ಬಂದಾಗ ಇಬ್ಬರೂ ಮುಖ ನೋಡಿಕೊಂಡು 'ಹಳೇ ಹುಬ್ಬಳ್ಳಿ' ಎಂದಷ್ಟೇ ಬರೆದೆವು. ಗೌರಕ್ಕನವರು ಬಂದರು. ಗಿಣಿಗಳನ್ನು ನೋಡಿ ತಲೆ ಆಡಿಸಿದರು. ಆಮೇಲೆ ಮಫ್ಲರ್ ತಿರುವಿ ಹಾಕಿ ಹಿಂಬದಿಯ ಮೇಲೆ ಹೆಬ್ಬೆರಳು ಎಳೆದರು. ಒಂದ ಸಾಲು ಬಿಗಿ, ಒಂದ ಸಾಲು ಸಡ್ಲ, ಇದು ಒಂದ ಕೈದಲ್ಲ, ಯಾರ್ಯಾರದವ್ವಾ ಎಂದು ಕೇಳಿದರು. ಬಿಗಿ ಕೈಯವಳೂ ಸಡಿಲ ಕೈಯವಳೂ ಎದ್ದು ನಿಂತೆವು. ಕಮಿಟಿಯ ಒಬ್ಬ ಬಾಯಿಯವರು, ಒಬ್ಬಾಕಿ ಕೈಲೆ ಆಗಬೇಕಂತ ನಿಯಮ ಐತಲ್ರಿ, ಇಬ್ಬರನ್ನೂ ತಗೀರಿ ಎಂದರು. ನನಗೆ ಆ ಗಳಿಗೆಯಲ್ಲಿ ಕಂಡದ್ದು ನಿಮ್ಮ ಬಂಡಿ. ಅದರಲ್ಲಿ ಟ್ರಂಕಿನ ಮೇಲೆ ಕೂತ ಮಗಳು.

ಗೌರಕ್ಕನವರು ಕನ್ನಡಕ ಒರೆಸಿಕೊಂಡು, ನಿಯಮ ನಾನ ಬರದೇನಿ, ನನಗ ಓದಾಕ ಬರ್ತೈತಿ ಅಂದರು. ಪುಸ್ತಕದಲ್ಲಿ ಕುದುರೆಯ ಹಾಳೆ ತೆಗೆದು ಅದರ ನಕಲು ಒಂದೊಂದು ಕೊಟ್ಟರು. ನಡುಮನೆಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕೂಡಿಸಿ, ಒಬ್ಬೊಬ್ಬರಾಗಿ ಹೆಣೀರಿ, ಕುದುರಿ ಬಂದ್ರ ಮುಂದ ಮಾತು ಎಂದರು. ಸುತ್ತಲೂ ಮೂವತ್ತು ಹೆಂಗಸರು.

ಮೊದಲ ಸಾಲು ಹೋಗುವ ಸಾಲು. ಅದು ಯಾವತ್ತೂ ಕರೀಮಾಬಿಯ ಪಾಲು. ನನ್ನ ಕಣ್ಣು ಮೂವತ್ತು ವರ್ಷದ ರೂಢಿಯಂತೆ ಎಡಕ್ಕೇ ಓಡಿತು. ಸೆರಗಿನ ತುದಿಯಿಂದ ಎಡಗಡೆಯ ಚೌಕಗಳನ್ನು ಮುಚ್ಚಿಟ್ಟು, ಬಲದಿಂದ ಒಂದೊಂದೇ ತೆರೆಯುತ್ತ ಹೋದೆ. ಎರಡನೇ ಸಾಲಿಗೆ ನನ್ನ ಕೈ ಓಡಿತು. ಬೆನ್ನ ಹಿಂದೆ ಕರೀಮಾಬಿಯ ಕಡ್ಡಿಯ ಸಪ್ಪಳ ನಿಂತಿತು. ಅದು ನನ್ನ ಪಾಲಿನ ಸಾಲು, ಅವಳಿಗೆ ಹಾದಿ ತಪ್ಪಿತ್ತು. ನಾನು ನನ್ನಷ್ಟಕ್ಕೆ ಅನ್ನುವ ಹಾಗೆ, ಆದರೆ ಬೇಕೆಂದೇ ದನಿ ತುಸು ಎತ್ತಿ ಅಂದೆ:

ಹೋಗೋ ಸಾಲು ಬಲದಾಗಿಂದ,
ಬರೋ ಸಾಲು ಎಡದಾಗಿಂದ,
ತಿರುವಿ ತಿರುವಿ ಹೆಣದ್ರ ಚೆಂದ.

ಹಿಂದೆ ಕಡ್ಡಿ ಮತ್ತೆ ಟಕಟಕ ಅನ್ನತೊಡಗಿತು. ಮೂರನೇ ಸಾಲಿಗೆ ನಾನು ತಡೆದಾಗ ಅದೇ ಪ್ರಾಸ ಅವಳ ಬಾಯಿಂದ ಬಂತು. ಗೌರಕ್ಕನವರು ಕೇಳಿಸಿಕೊಂಡರು, ಕಿಟಕಿಯ ಕಡೆ ನೋಡಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಡುಮನೆಯ ಹೆಂಗಸರೆಲ್ಲ ಸಣ್ಣ ದನಿಯಲ್ಲಿ ಅದನ್ನೇ ಗುನುಗುತ್ತಿದ್ದರು, ಕಡ್ಡಿಯೇ ಹಿಡಿಯದವರೂ.

ನನ್ನ ಕುದುರೆಗೆ ನಾಲ್ಕು ಕಾಲು, ಎರಡು ಕಿವಿ. ಅವಳ ಕುದುರೆಗೂ ಅಷ್ಟೇ, ಬಾಲ ಮಾತ್ರ ತುಸು ಮೋಟು. ಗೌರಕ್ಕನವರು ಎರಡನ್ನೂ ತಿರುವಿ ಹೆಬ್ಬೆರಳು ಎಳೆದು, ಒಂದೊಂದು ಕೈ ಅಂದರು. ಆಮೇಲೆ ಕಮಿಟಿಯ ಬಾಯಿಯವರ ಕಡೆ ತಿರುಗಿ, ಕರೀಮಾಬಿ ಓಣ್ಯಾಗ ಹನ್ನೊಂದು ಮಂದಿ ಹೆಣ್ಣಮಕ್ಕಳು ಕಲೀತೇವಿ ಅಂತಾರ, ನಮ್ಮ ಮುಂಜಾನಿ ವರ್ಗಕ್ಕ ಅವರು ಬರಂಗಿಲ್ಲ, ಮಧ್ಯಾಹ್ನ ಬಾಗಲಿಗೆ ಪಡದೆ ಇಳಿಬಿಟ್ಟು ಆಕಿ ಕಲಸಲಿ, ಮುಂಜಾನಿ ಈಕಿ ಕಲಸಲಿ, ಇಬ್ಬರೂ ಕಾಯಂ, ಒಬ್ಬೊಬ್ಬರಿಗೆ ಒಂದೊಂದು ಖೋಲಿ ಎಂದರು. ನನ್ನ ಕಡೆ ನೋಡಿ, ಆ ಪ್ರಾಸ ಒಂದು ಕಾಗದದ ಮ್ಯಾಲ ಬರಕೊಡು, ಪುಸ್ತಕದ ಮೊದಲನೇ ಹಾಳಿಗೆ ಅಂಟಸ್ತೇನಿ, ಪುಣೆದವರು ಬರಿಯೋದು ಮರತಾರ ಅಂದರು. ಬರೆದುಕೊಟ್ಟೆ. ನಿಮ್ಮ ಹೆಂಡತಿಯ ಪ್ರಾಸ ಈಗ ಪುಸ್ತಕದಲ್ಲಿದೆ.

ಶುಕ್ರವಾರ ಸಂಕ್ರಮಣ. ಆದೇಶದ ಕಾಗದದ ಮೇಲೆ ಅದರ ಮುಂಚಿನ ತಾರೀಖು, ಅಂದರೆ ಹದಿಮೂರು, ಇದೆ. ನಕಲು ಇದರ ಸಂಗಡ ಇಟ್ಟಿದ್ದೇನೆ. 'ಕಾಯಂ' ಎಂಬ ಶಬ್ದವನ್ನು ಚನ್ನಬಸವ್ವ ತುಸು ದೊಡ್ಡದಾಗಿ ಬರೆದಿದ್ದಾಳೆ, ಅದು ಅವಳ ಸಂತೋಷ. ನೀವು ಕೊಟ್ಟ ಮಾತು ನಡೆಸುವವರು, ಅದನ್ನು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಗಬ್ಬೂರಿನವರಿಗೆ ನೀವೇ ತಿಳಿಸಿರಿ. ಮೆತ್ತಗೆ ತಿಳಿಸಿರಿ, ಅವರ ತಪ್ಪು ಏನೂ ಇಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದೆ. ಸಿಟ್ಟು ಇದೆ. ಆದರೆ ಮುಲ್ಕಿಯ ಫಲಿತಾಂಶದ ದಿನ ನೀವು ಬಂದರೆ ಕೂಡಲು ಮಣೆ ಇದೆ, ಉಣ್ಣಲು ರೊಟ್ಟಿ ಇದೆ. ಖೋಲಿಗೆ ಬಾಗಿಲೂ ಇದೆ, ಅದರ ಕೀಲಿ ನನ್ನ ಹತ್ತಿರ ಇದೆ.

ಚನ್ನಬಸವ್ವನ ತಾಯಿ, ನಿಮ್ಮ ಮನೆಯಾಕೆ, ಮಂಡಳದ ಮುಂಜಾನೆಯ ಬಾಯಿ,
ಮುರಿಗೆವ್ವ

ತಾ. ಕ. : ಅತ್ತೆಯವರು, ಅಂದರೆ ನಿಮ್ಮ ಅವ್ವ, ಸಂಕ್ರಮಣಕ್ಕೆಂದು ಸಿದ್ಧಾರೂಢರ ಮಠಕ್ಕೆ ಬಂದು ನಾಲ್ಕು ದಿನವಾಯಿತು, ಇನ್ನೂ ಊರಿಗೆ ಬರಲಿಲ್ಲವೆಂದು ನೀವು ಚಿಂತೆ ಮಾಡುತ್ತಿರಬಹುದು. ಮಠಕ್ಕೆ ಹೋಗುವುದು ಖರೇ, ದಿನಾ ಮುಂಜಾನೆ ಹೋಗುತ್ತಾರೆ. ಉಳಿದ ಹೊತ್ತು ನನ್ನ ಖೋಲಿಯಲ್ಲಿದ್ದಾರೆ. ಗುರುವಾರ ಆ ಮೂವತ್ತು ಹೆಂಗಸರಲ್ಲಿ ಗೋಡೆಗೆ ಆತು ಕೂತು ಪ್ರಾಸ ಗುನುಗಿದವರಲ್ಲಿ ಅವರೂ ಒಬ್ಬರು. ನಿಮ್ಮ ದೀಪಾವಳಿಯ ಪತ್ರ ಅವರಿಗೆ ಓದಿ ಹೇಳಿದೆ. ಅಕ್ಕಿಕಾಳಿನ ಮಾತು ನಾ ಅಂದಾಕಿ ಅಲ್ಲ, ನನ್ನ ಕಣ್ಣ ಮುಚ್ಚಾಕ ಅವಂಗ್ಯಾಕ ಇಷ್ಟ ಅವಸರ ಎಂದು ಕೇಳಿದರು, ಉತ್ತರ ನೀವೇ ಕೊಡಿರಿ. ಊರಿಗೆ ಯಾವಾಗ ಎಂದು ಕೇಳಿದೆ. ಮೂರನೇ ಪುಸ್ತಕ ಮುಗಿಸಿಕೊಂಡು ಹೋಗುತ್ತಾರಂತೆ. ಸದ್ಯ ಒಂದನೇ ಪುಸ್ತಕದ ನಾಲ್ಕನೇ ಸಾಲಿನಲ್ಲಿದ್ದಾರೆ.