ಹಸುವಿಗೆ ಮಾತ್ರ ಗೊತ್ತಿದ್ದದ್ದು

ಪರಮಪೂಜ್ಯ ಅಪ್ಪನ ಸನ್ನಿಧಾನಕ್ಕೆ,

ನೀನು ಹೋದ ಮೇಲೆ ನಿನ್ನ ಮುದ್ದಿನ ಹಸು ಹಾಲು ಕೊಡುವುದನ್ನೇ ನಿಲ್ಲಿಸಿತ್ತು. ಇವತ್ತು ನಿನ್ನ ಹರಕಲು ಕೋಟು ತೊಟ್ಟು, ನಿನ್ನ ಹಾಗೇ ಅದರ ಹೊಟ್ಟೆಗೆ ಹಣೆಯಾನಿಸಿ ಕೂತೆ. ಒದೆಯಿತು. ಹಾಲು ಕರೆಯುವಾಗ ನೀನು ಗೊಣಗುತ್ತಿದ್ದೆಯಲ್ಲ, ಹಾಗೇ ಗೊಣಗಿ ಬೈದೆ. ಮತ್ತೆ ಒದೆಯಿತು.

ಬಾಗಿಲಲ್ಲಿದ್ದ ಅಮ್ಮ ನಕ್ಕಳು. "ಬೈತಿದ್ರು ಅಂದ್ಕೊಂಡ್ಯೇನೋ? ದೇವರ ಹತ್ರ ಮಾತಾಡ್ತಿದ್ರು ಕಣೋ. ಮಳೆ ಕೊಟ್ಟೆ, ಹುಲ್ಲು ಕೊಟ್ಟೆ, ನಮ್ಮ ಸೋಮಾರಿ ಸಾಮ್ರಾಟನ್ನ ಕೊಟ್ಟೆ, ನನಗಿನ್ನೇನು ಕಡಿಮೆ ಮಾಡಿದ್ದೀಯಪ್ಪಾ ಅಂತ. ದಿನಾ!"

ಸೋಮಾರಿ ಸಾಮ್ರಾಟ! ನೀನು ನನಗೆ ದಯಪಾಲಿಸಿದ್ದ ಬಿರುದು. ಮತ್ತೆ ಹಸುವಿನ ಹೊಟ್ಟೆಗೆ ಹಣೆಯಾನಿಸಿದೆ. ಆಮೇಲೆ ಅದನ್ನೇ ಹೇಳತೊಡಗಿದೆ. ಮಳೆ, ಹುಲ್ಲು... ನನ್ನ ಬಿರುದು ಬಂದದ್ದೇ ತಡ, ಬಕೆಟ್ಟಿಗೆ ಸೊರ್ರನೆ ಹಾಲು.

ಬಕೆಟ್ ತುಂಬಿದ ಮೇಲೂ ನಾನು ಹಣೆ ತೆಗೆಯಲಿಲ್ಲ. ಹಸುವೂ ಒದೆಯಲಿಲ್ಲ.

ಇಂತಿ,
ದೇವರು ಕೊಟ್ಟ ಸೋಮಾರಿ